ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು

ಮನೆಯಲ್ಲಿ ಪೂಜೆ, ಊರಿನಲ್ಲಿ ದಾನ, ಪರ್ವಕಾಲದಲ್ಲಿ ಯಾತ್ರೆ, ಇವೆಲ್ಲವೂ ಧರ್ಮದ ಅಂಗಗಳು. ಇವನ್ನು ಆಚರಿಸುವಾತನ ಅಂತರಂಗದಲ್ಲಿ ತಾನು ಮಾಡಿದೆನೆಂಬ ಭಾವವಳಿದು ಶಿವನ ಅರಿವು ಬೆಳಗುವುದೇ ಅಧ್ಯಾತ್ಮ. ಅರಿವಿಲ್ಲದ ಆಚಾರವು ಬಂಧನವಾಗದೆ? ಅರಿವು ದೊರೆತ ಮೇಲೆ ಆಚಾರವೇತಕ್ಕೆ? ಈ ಎರಡು ಸಂದೇಹಗಳಿಗೂ ಒಂದೇ ಜೀವಿತದಲ್ಲಿ ಪರಿಹಾರವನ್ನು ಕಂಡ ಮಹಾನುಭಾವರು 12ನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರು.

ಈಗ ಮಹಾರಾಷ್ಟ್ರ ರಾಜ್ಯಕ್ಕೆ ಸೇರಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿಯ ಮುದ್ದುಗೌಡ ಮತ್ತು ಸುಗ್ಗವ್ವೆಯೆಂಬ ದಂಪತಿಗಳ ಉದರದಲ್ಲಿ ಸಿದ್ಧರಾಮರು ಜನಿಸಿದರು. ಬಾಲ್ಯದಲ್ಲಿ ಮಾತು ಕಡಮೆ, ಲೋಕವ್ಯವಹಾರದಲ್ಲಿ ಆಸಕ್ತಿಯಿಲ್ಲ. ಜನರು ಅವರನ್ನು ಮುಗ್ಧನೆಂದೇ ಎಣಿಸಿದರು. ಒಂದು ದಿನ ಬಾಲಕನು ಹೊಲದಲ್ಲಿದ್ದಾಗ ಶ್ರೀಶೈಲದ ಮಲ್ಲಯ್ಯನು ಜಂಗಮರೂಪದಿಂದ ಬಂದು, ನವಣೆಯ ಎಳೆಯ ತೆನೆಗಳನ್ನು ಬೇಡಿ ತಿಂದು, ಬಳಿಕ ಮಜ್ಜಿಗೆಯನ್ನವನ್ನು ಬಯಸಿದನೆಂದು ಪ್ರತೀತಿ. ಬಾಲಕನು ಮನೆಗೆ ಓಡಿ ಅದನ್ನು ತರುವಷ್ಟರಲ್ಲಿ ಜಂಗಮನಿಲ್ಲ. ಮಲ್ಲಯ್ಯನನ್ನು ಕೂಗುತ್ತ, ಅಳುತ್ತ, ಯಾತ್ರಿಕರೊಡನೆ ಶ್ರೀಶೈಲಕ್ಕೆ ನಡೆದ ಆ ಮಗುವು ಅಲ್ಲಿಯೂ ಆತನನ್ನು ಕಾಣದೆ ಕಮರಿಗೆ ಧುಮುಕಲು ಅಣಿಯಾದಾಗ ಮಲ್ಲಿಕಾರ್ಜುನನೇ ಕೈಹಿಡಿದು ಉಳಿಸಿದನು. ಸೊನ್ನಲಿಗೆಗೆ ಮರಳಿ ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆಯಿತ್ತನು. ಈ ಚರಿತೆಯನ್ನು ಮಹಾಕವಿ ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ಭಕ್ತಿಯಿಂದ ಹಾಡಿದ್ದಾನೆ.

ಅಪ್ಪಣೆಯನ್ನು ಶಿರಸಾವಹಿಸಿ ಸಿದ್ಧರಾಮರು ಗುಡಿಗಳನ್ನು ಕಟ್ಟಿಸಿದರು. ಊರಿನ ಸುತ್ತಲೂ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಬಾಯಾರಿದ ಜೀವಿಗಳಿಗಾಗಿ ದೊಡ್ಡ ಕೆರೆಯನ್ನು ತೋಡಿಸಿದರು. ಜನರ ಕಣ್ಣಿಗೆ ಇದಕ್ಕಿಂತ ಹಿರಿದಾದ ಧರ್ಮವೆಲ್ಲಿಯದು?

ಆದರೆ ಅಲ್ಲಮಪ್ರಭುಗಳ ಕಣ್ಣಿಗೆ ಬೇರೊಂದು ಕಂಡಿತು. ಶೂನ್ಯಸಂಪಾದನೆಯ ಪ್ರಕಾರ ಪ್ರಭುಗಳು ಸೊನ್ನಲಿಗೆಗೆ ಬಂದು, ಕೆರೆಯ ಕೆಲಸದಲ್ಲಿ ತೊಡಗಿದ್ದವರೆದುರಿಗೆ ಸಿದ್ಧರಾಮರನ್ನು ಒಡ್ಡನೆಂದು ಕರೆದರು. ಸಿಟ್ಟಿಗೆದ್ದ ಜನರು ಕಲ್ಲುಗಳನ್ನು ತೂರಿದರು. ಕೆರಳಿದ ಸಿದ್ಧರಾಮರ ಹಣೆಗಣ್ಣಿನಿಂದ ಉರಿಯೆದ್ದಿತು. ಅದು ಪ್ರಭುಗಳನ್ನು ಮುಟ್ಟಲಾರದೆ ಹೋಯಿತು. ಆಗ ಸಿದ್ಧರಾಮರಿಗೆ ತಮ್ಮ ಕೊರತೆಯು ತಿಳಿಯಿತು. ಪ್ರಭುಗಳು ಹಳಿದದ್ದು ಕೆರೆಯನ್ನಲ್ಲ, ಕಟ್ಟಿಸಿದೆನೆಂಬ ಹಮ್ಮನ್ನು. ಪರರ ದಾಹವನ್ನು ತಣಿಸಹೊರಟ ಎದೆಯಲ್ಲಿಯೇ ಕೋಪಾಗ್ನಿ ಉಳಿದಿದ್ದರೆ ಆ ಧರ್ಮವು ಪೂರ್ಣವಾದೀತೆ?

ಅನಂತರ ಪ್ರಭುಗಳು ಅವರನ್ನು ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಎರಡನೆಯ ಸಂದೇಹವು ತಲೆದೋರಿತು. ಅಂತರಂಗದಲ್ಲಿ ಲಿಂಗವು ನೆಲೆಗೊಂಡ ಮೇಲೆ ಅಂಗದ ಮೇಲೆ ಇಷ್ಟಲಿಂಗವೇಕೆಂದು ಸಿದ್ಧರಾಮರು ವಾದಿಸಿದರು. ಹೊರಗಿನ ಗುಡಿಯಿಂದ ಹೊರಟವರು ಈಗ ಒಳಗೊಂದೇ ಸಾಕೆಂಬ ಇನ್ನೊಂದು ಅಂಚಿಗೆ ಬಂದಿದ್ದರು. ಅಂತರಂಗ ಬಹಿರಂಗಗಳು ಎರಡಲ್ಲವೆಂದೂ, ಒಳಗಿನ ಪ್ರಾಣಲಿಂಗವೇ ಗುರುಕರುಣೆಯಿಂದ ಕರತಲಕ್ಕೆ ಇಷ್ಟಲಿಂಗವಾಗಿ ಬರುವುದೆಂದೂ ಶರಣರು ತಿಳಿಯಹೇಳಿದರು. ಅಪಾರ ಕೀರ್ತಿಯನ್ನು ಪಡೆದಿದ್ದ ಸಿದ್ಧರಾಮರು ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರ ಮುಂದೆ ತಲೆಬಾಗಿ ಲಿಂಗದೀಕ್ಷೆಯನ್ನು ಪಡೆದರು. ಹಮ್ಮು ಅಳಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ದೀಕ್ಷೆಯಾಯಿತೆಂದು ಅವರು ಲೋಕಹಿತವನ್ನು ಹೀನವೆಂದು ತಿಳಿಯಲಿಲ್ಲ. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ಸಾವಿರಕ್ಕೂ ಮಿಕ್ಕಿ ದೊರೆತಿರುವ ಅವರ ವಚನಗಳಲ್ಲಿ ಯೋಗದ ನಿಲವು, ಶರಣರ ಸ್ತುತಿ, ಜೀವದಯೆಗಳು ಒಂದಾಗಿ ಬೆರೆತಿವೆ. ಕಡೆಗೆ ಸೊನ್ನಲಿಗೆಯಲ್ಲಿಯೇ ಅವರು ಸಮಾಧಿಸ್ಥರಾದರು. ಕೆರೆಯ ನಡುವಣ ಗುಡಿಯಲ್ಲಿರುವ ಆ ಗದ್ದುಗೆಗೆ ಮಕರಸಂಕ್ರಾಂತಿಯ ಜಾತ್ರೆಯಲ್ಲಿ ಭಕ್ತರು ಏಳು ನಂದಿಧ್ವಜಗಳೊಡನೆ ಇಂದಿಗೂ ನಡೆದುಬರುತ್ತಾರೆ.

ಸದ್ಭಕ್ತರು ಇದರಿಂದ ಅರಿಯಬೇಕಾದುದಿಷ್ಟೆ. ಧರ್ಮವು ಕೆರೆಯ ಏರಿಯಿದ್ದಂತೆ, ಅಧ್ಯಾತ್ಮವು ಅದರೊಳಗಣ ನೀರಿದ್ದಂತೆ. ನೀರಿಲ್ಲದ ಏರಿಯು ಬರಿಯ ಮಣ್ಣಿನ ರಾಶಿ. ಏರಿಯಿಲ್ಲದ ನೀರು ನಿಲ್ಲಲಾರದು. ನಿತ್ಯವೂ ಕರದಲ್ಲಿ ಲಿಂಗವನ್ನು ಹಿಡಿದು ಪೂಜಿಸುವಾಗ, ಜಂಗಮಕ್ಕೆ ನೀಡುವಾಗ, ಕಾಯಕಕ್ಕೆ ಹೊರಡುವಾಗ, ಒಳಗೆ ನೀರಿದೆಯೆ ಎಂದು ನೋಡಿಕೊಳ್ಳುವವನೇ ಸಿದ್ಧರಾಮೇಶ್ವರರ ಹಾದಿಯಲ್ಲಿ ನಡೆಯುವವನು.