ಮರಣಗಳ ಲೆಕ್ಕದಲ್ಲಿ ಸಮಾಜವನ್ನು ಕಂಡವನು: ಎಮಿಲ್ ಡರ್ಕ್‌ಹೈಮ್

ಮನುಷ್ಯನೊಬ್ಬ ತನ್ನ ಬಾಳನ್ನು ತಾನೇ ಮುಗಿಸಿಕೊಂಡನೆಂಬ ವಾರ್ತೆ ಬಂದಾಗ ನೆರೆಹೊರೆಯವರು ಮೊದಲು ಕೇಳುವ ಪ್ರಶ್ನೆ ಒಂದೇ: ಆತನಿಗೆ ಏನು ಕಡಮೆಯಾಗಿತ್ತು? ಸಾಲವೆಂದು ಒಬ್ಬರು, ವ್ಯಾಧಿಯೆಂದು ಇನ್ನೊಬ್ಬರು, ಮನೆಯ ಜಗಳವೆಂದು ಮತ್ತೊಬ್ಬರು ಹೇಳುತ್ತಾರೆ. ಕಾರಣ ದೊರೆತಂತಾಯಿತೆಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತೆರಳುತ್ತಾರೆ. ಈ ಪ್ರಶ್ನೆಯನ್ನು ಹಿಂತಿರುಗಿಸಿ, ಆತನ ಸುತ್ತಲಿದ್ದ ಸಮಾಜಕ್ಕೆ ಏನು ಕಡಮೆಯಾಗಿತ್ತು ಎಂದು ಕೇಳಿದವನು ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್. ಸಮಾಜಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಆತನ ಹೆಸರು ಚಿರಪರಿಚಿತ. ಪರೀಕ್ಷೆಗಾಗಿ ಆತ್ಮಹತ್ಯೆಯ ನಾಲ್ಕು ಬಗೆಗಳನ್ನು ಕಂಠಪಾಠ ಮಾಡದವರು ವಿರಳ. ಆದರೆ ಆ ನಾಲ್ಕು ಬಗೆಗಳ ಹಿಂದೆ ಒಬ್ಬ ಮಿತ್ರನ ಮರಣವೂ ಒಬ್ಬ ಪ್ರತಿಪಕ್ಷಿಯ ಔದಾರ್ಯವೂ ಇವೆಯೆಂಬುದು ಅಷ್ಟಾಗಿ ತಿಳಿದಿಲ್ಲ.

ಡರ್ಕ್‌ಹೈಮ್ ಜನಿಸಿದ್ದು 1858ರ ಏಪ್ರಿಲ್ 15ರಂದು, ಲೊರೇನ್ ಪ್ರಾಂತದ ಎಪಿನಾಲ್ ಪಟ್ಟಣದಲ್ಲಿ. ತಂದೆ ಯೆಹೂದ್ಯರ ಧರ್ಮಗುರು. ತಾತ ಮುತ್ತಾತಂದಿರೂ ಅದೇ ವೃತ್ತಿಯವರು. 1870ರಲ್ಲಿ ಪ್ರಷ್ಯದೊಡನೆ ಯುದ್ಧ ಆರಂಭವಾದಾಗ ಆತನಿಗೆ ಹನ್ನೆರಡು ವರ್ಷ. ಫ್ರಾನ್ಸ್ ಸೋತಿತು, ಹುಟ್ಟೂರಿನಲ್ಲಿ ಶತ್ರುಸೇನೆ ಬೀಡುಬಿಟ್ಟಿತು. ಸೋಲಿನ ಹೊಣೆಯನ್ನು ಯೆಹೂದ್ಯರ ತಲೆಗೆ ಕಟ್ಟುವ ಮಾತುಗಳನ್ನು ಬಾಲಕನು ಆಗಲೇ ಕೇಳಿದ. ಸಂಕಟಕ್ಕೆ ಸಿಲುಕಿದ ಸಮಾಜವು ಯಾರನ್ನಾದರೂ ದೂರಲು ಹವಣಿಸುತ್ತದೆಂಬ ಪಾಠ ಆತನಿಗೆ ಪುಸ್ತಕದಿಂದ ಬಂದುದಲ್ಲ.

ವಂಶದ ವೃತ್ತಿಯನ್ನು ಬಿಟ್ಟು ಆತ ಪ್ಯಾರಿಸಿನ ಎಕೋಲ್ ನಾರ್ಮಲ್ ವಿದ್ಯಾಲಯವನ್ನು ಸೇರಬಯಸಿದ. ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ಸೋತು, 1879ರಲ್ಲಿ ಮೂರನೆಯ ಸಲ ಗೆದ್ದ. ಮುಂದೆ ಲೋಕಪ್ರಸಿದ್ಧರಾದ ಬೆರ್ಗ್‌ಸನ್ ಮತ್ತು ಜೋರೆಸ್ ಅಲ್ಲಿಯ ಸಮಕಾಲೀನರು. ಅವರಿಗಿಂತ ಹತ್ತಿರದವನು ವಿಕ್ಟರ್ ಓಮೆ ಎಂಬ ಸಹಪಾಠಿ. ವಿದ್ಯಾಲಯವನ್ನು ಬಿಟ್ಟ ಬಳಿಕ ಇಬ್ಬರೂ ದೂರದೂರದ ಊರುಗಳಲ್ಲಿ ಉಪಾಧ್ಯಾಯರಾದರು. 1886ರಲ್ಲಿ ಓಮೆ ಅಕಾಲ ಮರಣಕ್ಕೆ ತುತ್ತಾದ. ಅದು ಆತನೇ ತಂದುಕೊಂಡ ಸಾವೆಂದು ಚರಿತ್ರಕಾರರು ಹಲವರು ತಿಳಿಯುತ್ತಾರೆ. ಮಿತ್ರನ ಮರಣಲೇಖವನ್ನು ಬರೆಯುವ ಕರ್ತವ್ಯ ಡರ್ಕ್‌ಹೈಮನ ಪಾಲಿಗೆ ಬಂತು. ಅಲ್ಲಿಂದ ಎರಡು ವರ್ಷಗಳಲ್ಲಿ ಆತ ಆತ್ಮಹತ್ಯೆ ಮತ್ತು ಜನನ ಪ್ರಮಾಣಗಳ ಸಂಬಂಧವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದ. ಮುಂದೆ ಅದೇ ವಿಷಯವನ್ನು ಕುರಿತು ಉಪನ್ಯಾಸಗಳನ್ನೂ ಕೊಟ್ಟ. ಸ್ನೇಹಿತನ ಹೆಸರನ್ನು ಆ ಶಾಸ್ತ್ರದಲ್ಲಿ ಎಲ್ಲಿಯೂ ಎಳೆದುತರಲಿಲ್ಲ.

1870ರ ಸೋಲಿನ ಅನಂತರ ಫ್ರಾನ್ಸಿನ ಗಣರಾಜ್ಯ ತನ್ನ ವಿದ್ಯಾಪದ್ಧತಿಯನ್ನು ಹೊಸದಾಗಿ ಕಟ್ಟಲು ತಜ್ಞರನ್ನು ಅರಸುತ್ತಿತ್ತು. ಉನ್ನತ ಶಿಕ್ಷಣದ ನಿರ್ದೇಶಕನಾಗಿದ್ದ ಲೂಯಿ ಲಿಯಾರ್ ಈ ತರುಣನನ್ನು ಗುರುತಿಸಿದ. 1885–86ರಲ್ಲಿ ಡರ್ಕ್‌ಹೈಮ್ ಜರ್ಮನಿಗೆ ಹೋಗಿ ಅಲ್ಲಿಯ ವಿಶ್ವವಿದ್ಯಾಲಯಗಳನ್ನು ನೋಡಿಬಂದ; 1887ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾದ. ಶಾಲೆಗಳ ವಿಚಾರದಲ್ಲಿ ಆತನ ನೆರವನ್ನು ಬಯಸಿದ ಸರ್ಕಾರ, ತನ್ನ ಪ್ರಜೆಗಳೇಕೆ ಬಾಳಿಗೆ ಬೆನ್ನು ತಿರುಗಿಸುತ್ತಾರೆಂದು ಕೇಳಿದ್ದಿಲ್ಲ. ಆ ಪ್ರಶ್ನೆಯನ್ನು ಆತ ತಾನಾಗಿ ಎತ್ತಿಕೊಂಡ.

ಲೆಕ್ಕವೇನೋ ಸರ್ಕಾರದ ಬಳಿಯಲ್ಲೇ ಇತ್ತು. ಫ್ರಾನ್ಸಿನ ನ್ಯಾಯ ಸಚಿವಾಲಯ 1820ರ ದಶಕದಿಂದಲೂ ಅಪರಾಧಗಳ ವಾರ್ಷಿಕ ವರದಿಯನ್ನು ಪ್ರಕಟಿಸುತ್ತ, ಮುಂದೆ ಆತ್ಮಹತ್ಯೆಗಳ ಎಣಿಕೆಯನ್ನೂ ಅದಕ್ಕೆ ಸೇರಿಸಿತ್ತು. 1894ರಲ್ಲಿ ಈ ಅಂಕೆ ಅಂಶಗಳ ವಿಭಾಗಕ್ಕೆ ಮುಖ್ಯಸ್ಥನೊಬ್ಬ ಬೇಕಾದಾಗ ಸಚಿವಾಲಯ ಸಾರ್ಲಾ ಎಂಬ ಸಣ್ಣ ಊರಿನ ನ್ಯಾಯಾಧೀಶ ಗೇಬ್ರಿಯಲ್ ಟಾರ್ಡ್‌ನನ್ನು ಕರೆಸಿಕೊಂಡಿತು. ಮನುಷ್ಯ ಮನುಷ್ಯನನ್ನು ಅನುಕರಿಸುವುದೇ ಸಮಾಜದ ಮೂಲವೆಂಬುದು ಟಾರ್ಡ್‌ನ ಸಿದ್ಧಾಂತ. ಅದನ್ನು ಡರ್ಕ್‌ಹೈಮ್ ಕಟುವಾಗಿ ಖಂಡಿಸುತ್ತಿದ್ದ. ಹೀಗಿದ್ದೂ, ಕಡತಗಳನ್ನು ನೋಡಬೇಕೆಂದು ಡರ್ಕ್‌ಹೈಮ್ ಬೇಡಿದಾಗ ಟಾರ್ಡ್ ಇಲ್ಲವೆನ್ನಲಿಲ್ಲ. ಸೋದರಳಿಯನಾದ ತರುಣ ಮಾರ್ಸೆಲ್ ಮೋಸ್ ಸುಮಾರು 26,000 ಮರಣಗಳ ದಾಖಲೆಗಳನ್ನು ಬಿಡಿಬಿಡಿಯಾಗಿ ನೋಡಿ, ವಯಸ್ಸು, ವಿವಾಹ, ಮಕ್ಕಳು ಇದ್ದುದು ಇಲ್ಲದುದು ಎಂದು ವಿಂಗಡಿಸಿಕೊಟ್ಟ. ಹಾಗೆ ಸಿದ್ಧವಾದ ಗ್ರಂಥ 1897ರಲ್ಲಿ ಹೊರಬಂತು. ಮುನ್ನುಡಿಯಲ್ಲಿ ಟಾರ್ಡ್‌ನಿಗೆ ಕೃತಜ್ಞತೆ. ಒಳಗಿನ ಒಂದು ಅಧ್ಯಾಯದಲ್ಲಿ ಆತನ ಸಿದ್ಧಾಂತದ ಖಂಡನೆ!

ಗ್ರಂಥದ ಸಾರ ಸರಳವಾಗಿದೆ. ಒಂದೊಂದು ದೇಶದಲ್ಲಿ ವರ್ಷ ವರ್ಷವೂ ಆತ್ಮಹತ್ಯೆಯ ಪ್ರಮಾಣ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಸಾಯುವವರು ಬೇರೆಬೇರೆ, ಅವರ ದುಃಖಗಳೂ ಬೇರೆಬೇರೆ. ಆದರೂ ಮೊತ್ತ ಬದಲಾಗದಿದ್ದರೆ ಕಾರಣ ವ್ಯಕ್ತಿಗಳಾಚೆಗೂ ಇರಬೇಕು. ಪ್ರಾಟೆಸ್ಟಂಟರಲ್ಲಿ ಹೆಚ್ಚು, ಕ್ಯಾಥೊಲಿಕರಲ್ಲಿ ಕಡಮೆ. ಒಂಟಿಗರಲ್ಲಿ ಹೆಚ್ಚು, ಮಕ್ಕಳೊಂದಿಗರಲ್ಲಿ ಕಡಮೆ. ವ್ಯಾಪಾರ ಕುಸಿದಾಗ ಏರುವ ಪ್ರಮಾಣ, ಸಂಪತ್ತು ಹಠಾತ್ತಾಗಿ ಹೆಚ್ಚಿದಾಗಲೂ ಏರುತ್ತದೆ. ಆದ್ದರಿಂದ ಬಡತನವೊಂದೇ ಕಾರಣವಲ್ಲ. ಬಾಳಿನ ಕಟ್ಟುಗಳು ಸಡಿಲವಾಗುವುದೂ ಒಂದು ಕಾರಣ. ಕಟ್ಟು ಅತಿಯಾಗಿ ಬಿಗಿದರೂ ಅಪಾಯವೇ. ಸೇನೆಯ ಶಿಸ್ತನ್ನೂ ನಮ್ಮ ದೇಶದ ಸಹಗಮನವನ್ನೂ ಆತ ಇದಕ್ಕೆ ನಿದರ್ಶನವಾಗಿ ಎತ್ತಿಕೊಂಡ.

ಕೊನೆಯ ಅಧ್ಯಾಯ ಪರಿಹಾರಕ್ಕೆ ಮೀಸಲು. ಶಿಕ್ಷೆ ವಿಧಿಸಿ ಫಲವಿಲ್ಲ; ಶಾಲೆಯೊಂದರಿಂದಲೇ ಆಗದು, ಏಕೆಂದರೆ ಶಾಲೆ ಸಮಾಜದ ಪ್ರತಿಬಿಂಬವೇ ಹೊರತು ಅದರ ವೈದ್ಯನಲ್ಲ. ರಾಜ್ಯವೋ ವ್ಯಕ್ತಿಯಿಂದ ಬಹು ದೂರ. ನಡುವೆ ನಿಲ್ಲಬಲ್ಲದ್ದು ವೃತ್ತಿಸಂಘವೆಂದು ಆತನ ಮತ: ಒಂದೇ ಕಸಬಿನವರು ದಿನವೂ ಕೂಡುವ, ಪರಸ್ಪರ ಕಷ್ಟವನ್ನು ಅರಿಯುವ ಸಂಘ. ಈ ಸಲಹೆಯನ್ನು 1902ರಲ್ಲಿ ಬೇರೊಂದು ಗ್ರಂಥದ ಮುನ್ನುಡಿಯಲ್ಲಿ ವಿಸ್ತರಿಸಿದ.

ಆತ ತಪ್ಪದೆ ಉಳಿಯಲಿಲ್ಲ. ಕಳಂಕದ ಭಯವಿದ್ದಲ್ಲಿ ಇಂಥ ಮರಣಗಳು ದಾಖಲೆಯಲ್ಲಿ ಬೇರೆ ಹೆಸರಿನಿಂದ ಅಡಗುತ್ತವೆಂದು ನಂತರದ ವಿಮರ್ಶಕರು ತೋರಿಸಿದರು. ಟಾರ್ಡ್‌ನ ಮಾತನ್ನು ಆತ ತಳ್ಳಿಹಾಕಿದ್ದೂ ಸರಿಯಾಗಲಿಲ್ಲ. ಪತ್ರಿಕೆಗಳು ಆತ್ಮಹತ್ಯೆಯ ಸುದ್ದಿಯನ್ನು ಮುಖಪುಟದಲ್ಲಿ ಮೆರೆಸಿದ ಬಳಿಕ ಅಂಥ ಮರಣಗಳು ಏರುವುದನ್ನು 1974ರಲ್ಲಿ ಅಮೆರಿಕದ ಡೇವಿಡ್ ಫಿಲಿಪ್ಸ್ ತೋರಿಸಿಕೊಟ್ಟ. ಪತ್ರಕರ್ತರಿಗೆ ವಿಶ್ವ ಆರೋಗ್ಯ ಸಂಸ್ಥೆ ನೀಡಿರುವ ಎಚ್ಚರಿಕೆಗಳಿಗೆ ಇಂಥ ಶೋಧನೆಗಳೇ ಆಧಾರ. ಕಡತಗಳನ್ನು ತೆರೆದುಕೊಟ್ಟ ಪ್ರತಿಪಕ್ಷಿಯ ಕಡೆಗೂ ಸತ್ಯದ ಒಂದು ಪಾಲು ಇತ್ತು.

1902ರಲ್ಲಿ ಪ್ಯಾರಿಸಿಗೆ ಬಂದ ಡರ್ಕ್‌ಹೈಮನಿಗೆ ಸರ್ಕಾರದ ಕೆಲಸಗಳು ಕೊನೆಯಲ್ಲಿ ಒತ್ತೊತ್ತಾಗಿ ಬಂದವು. 1914ರ ಮಹಾಯುದ್ಧದಲ್ಲಿ ದೇಶದ ಪರವಾಗಿ ಲೇಖನಗಳನ್ನು ಹೊರಡಿಸುವ ಸಮಿತಿಗೆ ಕಾರ್ಯದರ್ಶಿಯಾದ. ರಷ್ಯದ ನಿರಾಶ್ರಿತರ ವಿಚಾರದ ಆಯೋಗದಲ್ಲಿ ದುಡಿದ. ಇಷ್ಟಾದರೂ 1916ರಲ್ಲಿ ಸೆನೆಟ್ ಸಭೆಯ ಸದಸ್ಯನೊಬ್ಬ ಆತನ ದೇಶನಿಷ್ಠೆಯನ್ನೇ ಶಂಕಿಸಿ ಮಾತನಾಡಿದ. ಶಿಕ್ಷಣ ಸಚಿವ ಪೆನ್‌ಲವೆ ಆತನ ಪರ ನಿಂತ. ಏಕಮಾತ್ರ ಪುತ್ರ ಆಂದ್ರೆ 1915ರ ಡಿಸೆಂಬರಿನಲ್ಲಿ ಬಾಲ್ಕನ್ ರಣರಂಗದಲ್ಲಿ ಗಾಯಗೊಂಡು ಮಡಿದಿದ್ದ. ಖಚಿತ ವಾರ್ತೆ ತಂದೆಯನ್ನು ತಲಪಿದ್ದು ಮರುವರ್ಷ. ಯುದ್ಧಕಾಲದಲ್ಲಿ ಸಮಾಜ ಒಗ್ಗೂಡುವುದರಿಂದ ಆತ್ಮಹತ್ಯೆಗಳು ಕಡಮೆಯಾಗುತ್ತವೆಂದು ಬರೆದವನು, ಹಾಗೆ ಒಗ್ಗೂಡಿದ ಸಮಾಜದ ನಡುವೆಯೇ ಪುತ್ರಶೋಕದಿಂದ ಕುಗ್ಗಿಹೋದ. ಪಾರ್ಶ್ವವಾಯು ಬಡಿಯಿತು. 1917ರ ನವೆಂಬರ್ 15ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದ.

ಆತನನ್ನು ಯಾರೂ ಕೇಳದ ಪ್ರಶ್ನೆಯನ್ನು ಸರ್ಕಾರಗಳು ಕೇಳತೊಡಗಿದ್ದು ಬಹುಕಾಲದ ಮೇಲೆ. ಫಿನ್ಲೆಂಡ್ 1986ರಲ್ಲಿ ರಾಷ್ಟ್ರೀಯ ಯೋಜನೆಯೊಂದನ್ನು ಕೈಗೊಂಡು, 1987ರ ಏಪ್ರಿಲಿನಿಂದ ಒಂದು ವರ್ಷದಲ್ಲಿ ಸಂಭವಿಸಿದ 1,397 ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿತು. 1990ರ ಬಳಿಕ ಅಲ್ಲಿಯ ಪ್ರಮಾಣ ಇಳಿಯತೊಡಗಿತು. ಭಾರತ ಸರ್ಕಾರ 2022ರಲ್ಲಿ ರಾಷ್ಟ್ರೀಯ ಆತ್ಮಹತ್ಯಾ ನಿವಾರಣಾ ನೀತಿಯನ್ನು ಪ್ರಕಟಿಸಿ, 2030ರೊಳಗೆ ಇಂಥ ಮರಣಗಳನ್ನು ನೂರಕ್ಕೆ ಹತ್ತರಷ್ಟು ತಗ್ಗಿಸುವ ಗುರಿಯಿಟ್ಟಿತು. ಅದೇ ವರ್ಷ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಯಾರೂ ಮನಸ್ಸಿನ ಭಾರವನ್ನು ಹೇಳಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಕೇಂದ್ರಸ್ಥಾನ.

ಇಂಥ ಕಾರ್ಯಕ್ಕೆ ಸಲಹೆಗಾರರನ್ನು ಆರಿಸುವಾಗ ಮನೋವೈದ್ಯನ ಹೆಸರು ಮೊದಲು ನೆನಪಾಗುವುದು ಸಹಜ, ಯುಕ್ತ. ಆದರೆ ವೈದ್ಯನ ಮಗ್ಗುಲಲ್ಲಿ ಶಾಲೆಯ ಉಪಾಧ್ಯಾಯನೂ ರೈತರ ಸಾಲವನ್ನು ಬಲ್ಲವನೂ ಪತ್ರಿಕೆಯವನೂ, ತನ್ನವರೊಬ್ಬರನ್ನು ಕಳೆದುಕೊಂಡ ಮನೆಯವನೂ ಕುಳಿತಿರಬೇಕೆಂದು ಡರ್ಕ್‌ಹೈಮನ ಜೀವನ ಸೂಚಿಸುತ್ತದೆ. ಒಪ್ಪದವನಿಗೂ ಕಡತವನ್ನು ತೆರೆದು ತೋರಿಸಿದ ಟಾರ್ಡ್‌ನಂಥವನು ಅವರೊಡನಿದ್ದರೆ ಸಮಿತಿ ಪೂರ್ಣವಾದೀತು.