ಜಮ್‌ಷೆಡ್‌ಜಿ ಟಾಟಾ

ಮಕ್ಕಳೇ, ಹಿಂದೂಪುರದಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಸಮೀಪದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್.

1839ರಲ್ಲಿ ಗುಜರಾತಿನ ನವಸಾರಿಯಲ್ಲಿ ಜನಿಸಿದ ಜಮ್‌ಷೆಡ್‌ಜಿಯವರು ಬಟ್ಟೆ ಗಿರಣಿಗಳನ್ನು ನಡೆಸಿ ಸಿರಿವಂತರಾದರು. 1898ರಲ್ಲಿ ಸಂಶೋಧನಾ ಸಂಸ್ಥೆಗೆಂದು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮುಡಿಪಿಟ್ಟರು. ಕಲಿತವರಿಗೆ ಕೆಲಸವೆಲ್ಲಿ ಎಂದು ಬ್ರಿಟಿಷ್ ಸರ್ಕಾರ ಹಿಂದೆಮುಂದೆ ನೋಡಿತು. ಮೈಸೂರು ಸರ್ಕಾರವೋ 371 ಎಕರೆ ಭೂಮಿಯನ್ನೂ ಹಣವನ್ನೂ ಕೊಟ್ಟಿತು. ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಪಾಪ, ಟಾಟಾ ಅವರು 1904ರಲ್ಲೇ ಜರ್ಮನಿಯಲ್ಲಿ ತೀರಿಕೊಂಡಿದ್ದರು.

1914ರಲ್ಲಿ ಮಹಾಯುದ್ಧ ಬಂತು. ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ಇಲ್ಲೇ ಉಳಿಯಿತು. ಆಗ ಈ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಇಲ್ಲಿಯೇ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಎದ್ದಿತು. ಬರೀ ಮರದ ತುಂಡು ಮಾರುತ್ತಿದ್ದ ಸಂಸ್ಥಾನ ಎಣ್ಣೆಯನ್ನೂ, ಆಮೇಲೆ ಸಾಬೂನನ್ನೂ ಮಾರತೊಡಗಿತು.