ಸತ್ಯನಿಷ್ಠ ಜಮಶೇಟಜಿ ತಾತಾ

ಮತಗಳು ಬೇರೆಯಾದರೂ ಸದಾಚಾರದ ಸಾರವು ಒಂದೇ ಎಂಬುದನ್ನರಿಯಲು ಅನ್ಯಮತದ ಮಹನೀಯರ ಚರಿತ್ರೆಯೂ ನಮಗೆ ದಾರಿದೀಪವಾಗುವುದು. ರಾಯಚೂರು, ದೇವದುರ್ಗ, ಮಾನ್ವಿಯ ಕಡೆಯ ಎರೆಹೊಲಗಳಲ್ಲಿ ಹತ್ತಿ ಬೆಳೆಯುವ ಶರಣಬಂಧುಗಳಿಗೆ, ಅರಳೆಯ ವ್ಯಾಪಾರದಲ್ಲಿಯೇ ಏಳುಬೀಳುಗಳನ್ನು ಕಂಡ ಜಮಶೇಟಜಿ ನಸರವಾನಜಿ ತಾತಾ ಅವರ ಜೀವನವು ಮನನೀಯವಾದುದು.

ಇವರು 1839ನೆಯ ಮಾರ್ಚಿ 3ರಂದು ಗುಜರಾತದ ನವಸಾರಿಯಲ್ಲಿ ಪಾರ್ಸೀ ಪುರೋಹಿತರ ಮನೆತನದಲ್ಲಿ ಜನ್ಮವೆತ್ತಿದರು. ಪಾರ್ಸಿಗಳು ಪ್ರಾಚೀನ ಇರಾನದ ಪ್ರವಾದಿಯಾದ ಜರತುಷ್ಟ್ರರ ಅನುಯಾಯಿಗಳು. ಅಹುರ ಮಜ್ದನೆಂಬ ದೇವನನ್ನು ಆರಾಧಿಸಿ, ಅಗ್ನಿಯನ್ನು ಆತನ ಪವಿತ್ರ ಸಂಕೇತವೆಂದು ಗೌರವಿಸುವವರು. ನಮ್ಮಲ್ಲಿ ಮಕ್ಕಳಿಗೆ ಲಿಂಗದೀಕ್ಷೆಯಾಗುವಂತೆ ಅವರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ನವಜೋತವೆಂಬ ಸಂಸ್ಕಾರವುಂಟು. ಆಗ ಸುದ್ರೆಯೆಂಬ ಬಿಳಿಯ ಅಂಗಿಯನ್ನು ತೊಡಿಸಿ, ಕುಸ್ತಿಯೆಂಬ ಉಣ್ಣೆಯ ದಾರವನ್ನು ನಡುವಿಗೆ ಮೂರು ಸುತ್ತು ಕಟ್ಟುವರು. ಆ ಮೂರು ಸುತ್ತುಗಳು ಸದ್ವಿಚಾರ, ಸದ್ವಚನ, ಸತ್ಕಾರ್ಯಗಳನ್ನು ನೆನಪಿಸುವುವು. ಇವೇ ಆ ಧರ್ಮನೀತಿಯ ಮೂಲಸ್ತಂಭಗಳು. ಒಳಿತು ಕೆಡುಕುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹೊಣೆಯು ಪ್ರತಿಯೊಬ್ಬನದೇ. ಸತ್ಯವು ಪರಮಪುಣ್ಯ, ಅಸತ್ಯವು ಮಹಾಪಾಪ. ಭೂಮಿಯನ್ನು ಉತ್ತು ಬೆಳೆಯುವುದೂ ಧರ್ಮಕಾರ್ಯವೇ.

ಈ ನೀತಿಗೆ ಜಮಶೇಟಜಿಯವರ ತಾರುಣ್ಯದಲ್ಲಿಯೇ ಪರೀಕ್ಷೆಯೊದಗಿತು. 1865ರಲ್ಲಿ ಅಮೇರಿಕೆಯ ಅಂತಃಕಲಹವು ಮುಗಿಯಲು ಅರಳೆಯ ಬೆಲೆಯು ಒಮ್ಮೆಲೆ ಕುಸಿಯಿತು. ಲಂಡನ್ನಿನಲ್ಲಿದ್ದ ಅವರ ಕೈಯಲ್ಲಿನ ಹುಂಡಿಗಳು ಬೆಲೆಯಿಲ್ಲದ ಕಾಗದಗಳಾದುವು. ಆದರೂ ಅವರು ಸಾಲಿಗರಿಂದ ತಲೆಮರೆಸಿಕೊಳ್ಳಲಿಲ್ಲ. ಲೆಕ್ಕವೆಲ್ಲವನ್ನೂ ಮರೆಮಾಚದೆ ಮುಂದಿಟ್ಟರು. ಸಾಲಿಗರು ಆ ಸತ್ಯಕ್ಕೆ ಮೆಚ್ಚಿ, ಸಾಲ ತೀರಿಸುವ ವ್ಯವಸ್ಥೆಯನ್ನು ಅವರಿಗೇ ಒಪ್ಪಿಸಿದರು. ಧನವು ಹೋಯಿತು, ನುಡಿಯು ಉಳಿಯಿತು.

1868ರಲ್ಲಿ 21,000 ರೂಪಾಯಿಗಳಿಂದ ಪುನಃ ವ್ಯಾಪಾರವನ್ನಾರಂಭಿಸಿ, 1877ರಲ್ಲಿ ಹತ್ತಿಯ ಸೀಮೆಯಾದ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ತೆರೆದರು. ಕಾಯ್ದೆಯ ಕಟ್ಟಿಲ್ಲದ ಆ ದಿನಗಳಲ್ಲಿಯೇ, 1886ರಲ್ಲಿ ಕಾರ್ಮಿಕರಿಗೆ ನಿವೃತ್ತಿವೇತನದ ನಿಧಿಯನ್ನೂ 1895ರಲ್ಲಿ ಅಪಘಾತಕ್ಕೆ ಪರಿಹಾರವನ್ನೂ ಏರ್ಪಡಿಸಿದರು.

1898ರಲ್ಲಿ ಉಚ್ಚ ವಿಜ್ಞಾನಶಿಕ್ಷಣದ ಸಂಸ್ಥೆಗಾಗಿ ಸುಮಾರು 30 ಲಕ್ಷ ರೂಪಾಯಿಗಳ ಆಸ್ತಿಯನ್ನು ಕೊಡುವುದಾಗಿ ನುಡಿದರು. ಅದಕ್ಕೆ ತಮ್ಮ ಹೆಸರನ್ನು ಬಯಸಲಿಲ್ಲ. ಸರಕಾರದ ಸಂಶಯಗಳಿಂದ ಕಾರ್ಯವು ತಡವಾಯಿತು. ಅದರ ಸಿದ್ಧಿಯನ್ನು ಕಾಣದೆಯೇ 1904ನೆಯ ಮೇ 19ರಂದು ಜರ್ಮನಿಯಲ್ಲಿ ಇಹಲೋಕಯಾತ್ರೆಯನ್ನು ಮುಗಿಸಿದರು. ತಂದೆಯ ಮಾತನ್ನು ಮಕ್ಕಳಾದ ದೋರಾಬಜಿ, ರತನಜಿಯವರು ತಪ್ಪದೆ ನಡೆಯಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನಿತ್ತಿತು; 1909ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಅವರು ಬೇಡವೆಂದ ಹೆಸರಿನಿಂದಲೇ ಜನರು ಅದನ್ನು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆದರು.

ಕಾಯಕದಿಂದ ಗಳಿಸಿ ದಾಸೋಹದಿಂದ ಸಲ್ಲಿಸುವುದು ನಮ್ಮ ಪಥ. ಲಾಭದ ದಿನ ದಾನವು ಸುಲಭ. ಬೆಲೆ ಕುಸಿದ ದಿನ ಸತ್ಯವನ್ನಾಡುವುದು ಕಠಿಣ. ತಕ್ಕಡಿಯ ಮುಂದೆಯೂ ಸಾಲಿಗನ ಮುಂದೆಯೂ ನುಡಿ ತಪ್ಪದವನೇ ನಿಜವಾದ ಭಕ್ತನೆಂಬುದನ್ನು ಈ ಚರಿತ್ರೆಯಿಂದ ಸದ್ಭಕ್ತರು ಮನಗಾಣಲಿ.